ಗೋಣಿಯ ತೂಕವೂ ಗಣಕಯಂತ್ರದ ಸೆಟ್ಟಿಂಗೂ



ಈ ಪುಟದಲ್ಲಿ ಸಾಮಾನ್ಯವಾಗಿ ಕೊಳೆರೋಗ, ಬೋರ್ಡೋ ದ್ರಾವಣ, ಉಜಿರುಕಣಿ ಬಿಡಿಸುವುದು, ಕಾಫಿ ಒಣಗಿಸುವುದು ಇಂಥ ವಿಷಯಗಳನ್ನೇ ಬರೆಯುತ್ತ ಬಂದಿದ್ದೇವೆ. ಈ ಸಲ ಗಣಕಯಂತ್ರದ ವಿಷಯ ಬರೆಯಹೊರಟಿದ್ದೇವೆ. ‘ಇದು ನಮಗಲ್ಲ, ಆಫೀಸಿನವರಿಗೆ’ ಎಂದು ಪುಟ ಮಗುಚಬಾರದಾಗಿ ವಿನಂತಿ. ಯಾಕೆಂದರೆ ಈ ಪಾಠವನ್ನು ನಮಗೆ ಕಲಿಸಿದವರು ಆಫೀಸಿನವರಲ್ಲ, ಬೈಂದೂರು ಕಡೆಯ ಒಬ್ಬ ವೃದ್ಧ ಸದಸ್ಯೆ. ಅವರ ಹತ್ತಿರ ಇದ್ದುದು ಒಂದು ನಲವತ್ತು ಪುಟದ ನೋಟುಬುಕ್ಕು ಮಾತ್ರ.

ಎರಡು ವರ್ಷಗಳ ಹಿಂದೆ ನಮ್ಮ ಖರೀದಿ ಕೇಂದ್ರದ ಹಳೆಯ ಕಂಪ್ಯೂಟರು ತೀರಾ ನಿಧಾನವಾಗಿ, ಒಂದು ಚೀಟಿ ಮುದ್ರಿಸುವಷ್ಟರಲ್ಲಿ ಹೊರಗೆ ನಾಲ್ಕು ಜೀಪು ನಿಲ್ಲುವ ಪರಿಸ್ಥಿತಿ ಬಂದಿತ್ತು. ಆದುದರಿಂದ ಹೊಸ ಯಂತ್ರ ತಂದು, ತೂಕದ ಪ್ರೋಗ್ರಾಮಿನ ಹೊಸ ಆವೃತ್ತಿಯನ್ನು ಹಾಕಿಸಿದೆವು. ಶನಿವಾರ ಸಂಜೆ ಶುರುಮಾಡಿ ಭಾನುವಾರ ಮಧ್ಯಾಹ್ನಕ್ಕೆ ಕೆಲಸ ಮುಗಿಯಿತು. ಹಳೆಯ ಲೆಕ್ಕವೆಲ್ಲ ಬ್ಯಾಕಪ್ ಆಗಿತ್ತು. ಸದಸ್ಯರ ಬಾಕಿ, ಠೇವಣಿ, ಪಾಲು ಬಂಡವಾಳ ಎಲ್ಲವನ್ನೂ ತಾಳೆ ನೋಡಿದೆವು. ಪೈಸೆಗೆ ಪೈಸೆ ಸರಿಬಂತು. ಬಹಳ ಸಂತೋಷಪಟ್ಟೆವು.

ಮೂರನೆಯ ವಾರದಲ್ಲಿ ಆ ಅಮ್ಮ ಚೀಟಿ ಹಿಡಿದುಕೊಂಡು ನಮ್ಮ ಮೇಜಿನ ಮುಂದೆ ನಿಂತರು.

“ಹ್ವಾಯ್ ಸೆಕ್ರೆಟ್ರೆ, ಗೋಣಿ ತೂಕ ಜಾಸ್ತಿ ಆಯ್ತಾ, ನಮ್ ಅಡಿಕಿ ಕಮ್ಮಿ ಆಯ್ತಾ?”

ನಾವು ನಕ್ಕು, “ಅಮ್ಮಾ, ಈಗ ಎಲ್ಲ ಯಂತ್ರವೇ ಮಾಡುವುದು, ಅದರಲ್ಲಿ ತಪ್ಪು ಬಪ್ಪುದಿಲ್ಲ” ಎಂದೆವು.

“ಯಂತ್ರಕ್ಕೆ ಹೇಳಿದ್ದ್ ಯಾರ್ ಹಂಗಾರೆ?” ಎಂದರು ಅವರು.

ಉತ್ತರ ಕೊಡಲಾಗದೆ ಅವರ ನೋಟುಬುಕ್ಕು ತೆಗೆದು ನೋಡಿದೆವು. ಪ್ರತಿ ಸಲ ಮನೆಯಲ್ಲಿ ತೂಗಿದ ತೂಕ, ನಮ್ಮ ಚೀಟಿಯ ತೂಕ, ಎರಡರ ವ್ಯತ್ಯಾಸ, ಎಲ್ಲವನ್ನೂ ಅವರು ತಾರೀಕು ಹಾಕಿ ಬರೆದಿಟ್ಟಿದ್ದರು. ಮೊದಲೆಲ್ಲ ಮೂಟೆಗೆ 800 ಗ್ರಾಮ್ ಕಳೆದಿತ್ತು. ಹೊಸ ಯಂತ್ರ ಬಂದ ಮೇಲೆ ಒಂದು ಕಿಲೋ ಕಳೆಯುತ್ತಿತ್ತು. ನಮ್ಮ ಆಡಳಿತ ಮಂಡಳಿ ಠರಾವು ಮಾಡಿ ನಿಗದಿಪಡಿಸಿದ್ದು 800 ಗ್ರಾಮ್. ಹೊಸ ಆವೃತ್ತಿಯಲ್ಲಿ ತಯಾರಕರು ಇಟ್ಟಿದ್ದುದು ಒಂದು ಕಿಲೋ. ನಮ್ಮ ಠರಾವು ಹಳೆಯ ಯಂತ್ರದ ಹೊಟ್ಟೆಯಲ್ಲಿ ಉಳಿದುಹೋಗಿತ್ತು. ಕಿಲೋಗೆ 450 ರೂಪಾಯಿ ಧಾರಣೆ ಎಂದು ಹಿಡಿದರೂ ಮೂಟೆಯೊಂದಕ್ಕೆ 90 ರೂಪಾಯಿ ಸದಸ್ಯರ ಕಿಸೆಯಿಂದ ಹೋಗುತ್ತಿತ್ತು. ಮೂರು ವಾರದ ಚೀಟಿಗಳನ್ನೆಲ್ಲ ಮತ್ತೆ ತೆಗೆದು, ಒಬ್ಬೊಬ್ಬರ ಖಾತೆಗೂ ಹಣ ಹಿಂದಿರುಗಿಸಲು ಒಂದು ತಿಂಗಳೇ ಹಿಡಿಯಿತು. ಹಣವನ್ನೇನೋ ಹಿಂದಿರುಗಿಸಿದೆವು. ‘ಸಂಘದ ತಕ್ಕಡಿಯಲ್ಲಿ ಏನೋ ಇದೆಯಂತೆ’ ಎಂಬ ಮಾತು ಕೊಲ್ಲೂರು ರಸ್ತೆಯ ಚಾದಂಗಡಿಗಳಲ್ಲಿ ನಿಲ್ಲಲು ಅದಕ್ಕಿಂತ ಹೆಚ್ಚು ಕಾಲ ಬೇಕಾಯಿತು.

ಇಲ್ಲಿ ಆದ ತಪ್ಪು ಯಾವುದು? ಬ್ಯಾಕಪ್ ಮಾಡಿರಲಿಲ್ಲವೆಂದಲ್ಲ. ಮಾಡಿದ್ದೆವು, ಆದರೆ ಅರ್ಧ ಮಾತ್ರ.

ಗಣಕಯಂತ್ರದಲ್ಲಿ ಎರಡು ಬಗೆಯ ಸಂಗತಿಗಳು ಇರುತ್ತವೆ. ಒಂದು ಲೆಕ್ಕ: ಯಾರು ಎಷ್ಟು ತಂದರು, ಎಷ್ಟು ಹಣ ಕೊಟ್ಟೆವು, ಎಷ್ಟು ಬಾಕಿ. ಇನ್ನೊಂದು ಕಟ್ಟಳೆ: ಲೆಕ್ಕವನ್ನು ಹೇಗೆ ಮಾಡಬೇಕು ಎಂದು ಯಂತ್ರಕ್ಕೆ ನಾವು ಹೇಳಿಟ್ಟ ಮಾತು. ಈ ಎರಡನೆಯದಕ್ಕೆ ಸೆಟ್ಟಿಂಗ್ ಎನ್ನುತ್ತಾರೆ. ತೋಟದ ಮಾತಿನಲ್ಲಿ ಹೇಳುವುದಾದರೆ, ಕಳೆದ ವರ್ಷ ಎಷ್ಟು ಕೊನೆ ಇಳಿಯಿತು ಎಂಬುದು ಲೆಕ್ಕ. ನೆಲದಡಿಯಲ್ಲಿ ಪೈಪು ಎಲ್ಲೆಲ್ಲಿ ಹೋಗಿದೆ, ಯಾವ ವಾಲ್ವು ಎಷ್ಟು ಸುತ್ತು ತಿರುಗಿಸಿದರೆ ಮೇಲಿನ ಸಾಲಿಗೆ ನೀರು ಏರುತ್ತದೆ, ಬೀಜದ ಮರ ಯಾವುದು ಎಂಬುದು ಕಟ್ಟಳೆ. ಲೆಕ್ಕ ಪುಸ್ತಕದಲ್ಲಿರುತ್ತದೆ. ಕಟ್ಟಳೆ ಅಪ್ಪಯ್ಯನ ತಲೆಯಲ್ಲಿರುತ್ತದೆ. ಅಪ್ಪಯ್ಯ ಹೋದ ಮೇಲೆ ಮಗ ಹಾರೆ ಹಿಡಿದು ಪೈಪು ಹುಡುಕುತ್ತಾನೆ.

ಸಂಘದ ಯಂತ್ರದಲ್ಲಿ ಇಂಥ ಕಟ್ಟಳೆಗಳು ಎಷ್ಟಿವೆ ಎಂದು ಆ ಪ್ರಸಂಗದ ನಂತರ ಕುಳಿತು ಪಟ್ಟಿ ಮಾಡಿದಾಗ ನಮಗೇ ಆಶ್ಚರ್ಯವಾಯಿತು. ಗೋಣಿಯ ತೂಕ ಸರಿಯೇ. ಅಲ್ಲದೆ ಚಾಲಿಯಲ್ಲಿ ಹೊಸದು, ಹಳೆಯದು, ಪಟೋರ, ಉಳ್ಳಿಗಡ್ಡೆ, ಕರಿಗೋಟು ಎಂಬ ದರ್ಜೆಗಳ ಸಂಕೇತ ಸಂಖ್ಯೆಗಳು. ಕಾಫಿಗೆ 50 ಕಿಲೋ ಮೂಟೆಯ ಲೆಕ್ಕವೋ ಕಿಲೋ ಲೆಕ್ಕವೋ ಎಂಬುದು. 50 ಪೈಸೆಯನ್ನು ಮೇಲಕ್ಕೆ ಏರಿಸುವುದೋ ಕೆಳಕ್ಕೆ ಇಳಿಸುವುದೋ ಎಂಬುದು. ರಶೀದಿಯ ಕ್ರಮಸಂಖ್ಯೆ ಎಲ್ಲಿಂದ ಮುಂದುವರಿಯಬೇಕೆಂಬುದು. ಸಾಲದ ಬಗೆಗಳು, ಬಡ್ಡಿಯ ದರ, ವಾಯಿದೆಯ ದಿನ. ಯಾವ ಸಿಬ್ಬಂದಿಗೆ ಯಾವ ಲೆಕ್ಕ ತೆರೆಯುವ ಅಧಿಕಾರ. ಪಾಸ್‌ಬುಕ್ಕಿನಲ್ಲಿ ಮೊದಲ ಸಾಲು ಎಲ್ಲಿ ಬೀಳಬೇಕೆಂಬ ಮುದ್ರಣಯಂತ್ರದ ಅಳತೆ. ಎಲೆಕ್ಟ್ರಾನಿಕ್ ತಕ್ಕಡಿ ಕಂಪ್ಯೂಟರಿಗೆ ಅಂಕೆಗಳನ್ನು ಕಳಿಸುವ ವೇಗಕ್ಕೆ ಬಾಡ್ ರೇಟ್ ಎನ್ನುತ್ತಾರೆ. ತಕ್ಕಡಿಯಲ್ಲಿ 2400 ಇದ್ದು ಕಂಪ್ಯೂಟರಿನಲ್ಲಿ 9600 ಇದ್ದರೆ, ಒಂದೋ ಏನೂ ಬಾರದು, ಇಲ್ಲವೇ ಅರ್ಥವಿಲ್ಲದ ಚಿಹ್ನೆಗಳು ಬರುತ್ತವೆ. ಇದು ಬೇಗ ಕಣ್ಣಿಗೆ ಬೀಳುವ ತಪ್ಪು, ಆದುದರಿಂದ ಅಪಾಯ ಕಡಿಮೆ. ನಾವು ಹೆದರಬೇಕಾದುದು ಗೋಣಿಯಂಥ ತಪ್ಪಿಗೆ. ಯಂತ್ರ ನಿಲ್ಲುವುದಿಲ್ಲ, ಚೀಟಿ ಚೆನ್ನಾಗಿಯೇ ಮುದ್ರಣವಾಗುತ್ತದೆ, ಅಂಕೆ ಮಾತ್ರ ಸ್ವಲ್ಪ ಬೇರೆ.

ಬಡ್ಡಿಯ ವಿಷಯದಲ್ಲಿ ಇದು ಇನ್ನೂ ಗಂಭೀರ. ಸಹಕಾರಿ ಸಂಘಗಳ ಶೂನ್ಯ ಬಡ್ಡಿಯ ಬೆಳೆಸಾಲದ ಮಿತಿಯನ್ನು 2023ರ ಜುಲೈ ತಿಂಗಳ ರಾಜ್ಯ ಬಜೆಟ್ಟಿನಲ್ಲಿ 3 ಲಕ್ಷ ರೂಪಾಯಿಗಳಿಂದ 5 ಲಕ್ಷಕ್ಕೆ ಏರಿಸಲಾಯಿತು. ವಾಯಿದೆಯೊಳಗೆ ಕಟ್ಟಿದವರಿಗೆ ಮಾತ್ರ ಬಡ್ಡಿಯಿಲ್ಲ. ಸಾಲ ಕೊಡುವ ಯಾವುದೇ ಸಂಘದ ಯಂತ್ರದಲ್ಲಿ ಮಿತಿಯೋ ವಾಯಿದೆಯ ದಿನವೋ ಹಿಂದಕ್ಕೆ ಜಾರಿದರೆ, ನ್ಯಾಯವಾಗಿ ಕಟ್ಟಿದ ಸದಸ್ಯನೇ ಸುಸ್ತಿದಾರರ ಪಟ್ಟಿಯಲ್ಲಿ ಕಾಣಿಸಿಕೊಂಡಾನು.

ಈಗಲೇ ಇದನ್ನು ಬರೆಯಲು ಕಾರಣವಿದೆ. ವಿಂಡೋಸ್ 10 ಎಂಬ ವ್ಯವಸ್ಥೆಗೆ ಅದರ ತಯಾರಕರು ಕೊಡುತ್ತಿದ್ದ ಸಾಮಾನ್ಯ ರಕ್ಷಣಾ ದುರಸ್ತಿ 2025ರ ಅಕ್ಟೋಬರ್ 14ಕ್ಕೆ ನಿಂತಿತು. ಅನೇಕ ಹಳೆಯ ಯಂತ್ರಗಳು ವಿಂಡೋಸ್ 11ಕ್ಕೆ ಒಗ್ಗುವುದಿಲ್ಲ, ಯಂತ್ರವನ್ನೇ ಬದಲಿಸಬೇಕಾಗುತ್ತದೆ. ಅತ್ತ ಪ್ರಾಥಮಿಕ ಕೃಷಿ ಪತ್ತಿನ ಸಹಕಾರ ಸಂಘಗಳನ್ನೆಲ್ಲ ಒಂದೇ ತಂತ್ರಾಂಶಕ್ಕೆ ತರುವ ಯೋಜನೆಗೆ ಕೇಂದ್ರ ಸಚಿವ ಸಂಪುಟ 2022ರ ಜೂನ್ 29ರಂದು ಒಪ್ಪಿಗೆ ಕೊಟ್ಟಿತು. ಮೊದಲ ಗುರಿ 63,000 ಸಂಘಗಳು, ವೆಚ್ಚ 2,516 ಕೋಟಿ ರೂಪಾಯಿ. ಹಾಗಾಗಿ ನಮ್ಮ ಸದಸ್ಯರಲ್ಲಿ ಬಹಳ ಮಂದಿ ತಮ್ಮ ಊರಿನ ಬೇರೆ ಸಂಘದಲ್ಲೂ ಇಂಥ ಬದಲಾವಣೆಯನ್ನು ಕಾಣುವವರೇ. ಕೆಲವರು ಅಲ್ಲಿ ನಿರ್ದೇಶಕರೂ ಆಗಿದ್ದೀರಿ. ಆ ಸಭೆಯಲ್ಲಿ ಕೇಳಬೇಕಾದ ಪ್ರಶ್ನೆ ‘ಬ್ಯಾಕಪ್ ಆಯಿತೇ?’ ಎಂದಲ್ಲ, ‘ಏನೇನು ಬ್ಯಾಕಪ್ ಆಯಿತು?’ ಎಂದು.

ಒಂದು ಪರಿಚಿತ ಉದಾಹರಣೆ ತೆಗೆದುಕೊಳ್ಳೋಣ. ಬೆಂಗಳೂರಿನಲ್ಲಿ 1986ರಲ್ಲಿ ಹುಟ್ಟಿದ ಸಂಸ್ಥೆಯ ಟ್ಯಾಲಿ ಎಂಬ ಲೆಕ್ಕದ ತಂತ್ರಾಂಶ ನಮ್ಮ ಕಡೆಯ ಗೊಬ್ಬರದಂಗಡಿಯಿಂದ ಹಿಡಿದು ದೊಡ್ಡ ಮಂಡಿಗಳವರೆಗೆ ಎಲ್ಲೆಲ್ಲೂ ಇದೆ. ಸದಸ್ಯರ ಮಕ್ಕಳು ಎಷ್ಟೋ ಮಂದಿ ಅದನ್ನು ಕಲಿತು ಕೆಲಸದಲ್ಲಿದ್ದಾರೆ. ಅದರಲ್ಲಿ ಬ್ಯಾಕಪ್ ಎಂದು ಒತ್ತಿದರೆ ಕಂಪನಿಯ ಲೆಕ್ಕ ನಕಲಾಗುತ್ತದೆ. ಆದರೆ ಎಫ್ 12 ಕೀಲಿ ಒತ್ತಿ ನಾವು ಮಾಡಿಕೊಂಡ ಏರ್ಪಾಡುಗಳಲ್ಲಿ ಹಲವು, ಟ್ಯಾಲಿ ಡಾಟ್ ಐಎನ್‌ಐ ಎಂಬ ಕಡತ, ನಮಗಾಗಿ ಬೇರೆಯಾಗಿ ಬರೆಸಿಕೊಂಡ ಟಿಡಿಎಲ್ ತುಣುಕುಗಳು ಆ ಲೆಕ್ಕದ ಕಡತದ ಹೊರಗೆ, ಪ್ರೋಗ್ರಾಮಿನ ಜಾಗದಲ್ಲಿ ಇರುತ್ತವೆ. ಅವನ್ನು ಬೇರೆಯಾಗಿಯೇ ನಕಲು ಮಾಡಬೇಕು. ಇನ್ನೊಂದು ಮಾತು: ಹೊಸ ಆವೃತ್ತಿಗೆ ಏರಿಸಿದ ಲೆಕ್ಕವನ್ನು ಹಳೆಯ ಆವೃತ್ತಿ ತೆರೆಯದೆ ಹೋಗಬಹುದು. ಏರಿಸಿದ ಮೇಲೆ ಇಳಿಯಲು ಏಣಿ ಇರುವುದಿಲ್ಲ; ಏರಿಸುವ ಮೊದಲಿನ ನಕಲೊಂದೇ ಏಣಿ.

ಕನ್ನಡ ಅಕ್ಷರಗಳದು ಬೇರೆಯೇ ಕಥೆ. ಮಂಗಳೂರು ಹತ್ತಿರದ ಕಿನ್ನಿಕಂಬಳದ ಕೆ. ಪಿ. ರಾವ್ ಅವರು ರೂಪಿಸಿದ ಕೀಲಿಮಣೆಯ ಆಧಾರದ ಮೇಲೆ ನುಡಿ ತಂತ್ರಾಂಶ ಬಂತು, 1998ರಲ್ಲಿ ಬರಹ ಬಂತು. ಇವುಗಳಿಂದ ನಮ್ಮ ಸಂಘಗಳು ಕನ್ನಡದಲ್ಲಿ ಪಟ್ಟಿ ಬರೆಯುವಂತಾಯಿತು. ಆದರೆ ಆ ಕಾಲದ ಕಡತಗಳು ಯೂನಿಕೋಡಿನಲ್ಲಿಲ್ಲ. ಅವುಗಳಲ್ಲಿ ಕನ್ನಡ ಕಾಣಿಸುವುದು ಆಯಾ ಫಾಂಟು ಯಂತ್ರದಲ್ಲಿದ್ದರೆ ಮಾತ್ರ. ಹೊಸ ಯಂತ್ರಕ್ಕೆ ಕಡತವನ್ನಷ್ಟೇ ಒಯ್ದು ಫಾಂಟನ್ನು ಬಿಟ್ಟರೆ ಸದಸ್ಯರ ಹೆಸರುಗಳೆಲ್ಲ ಇಂಗ್ಲಿಷ್ ಅಕ್ಷರಗಳ ಕಲಸುಮೇಲೋಗರವಾಗುತ್ತವೆ. ನಮ್ಮಲ್ಲೂ ಹಳೆಯ ಪಾಲುದಾರರ ಪಟ್ಟಿ ಹೀಗಾಗಿ, ‘ಕಡತ ಕೆಟ್ಟಿದೆ, ಮತ್ತೆ ಟೈಪು ಮಾಡಬೇಕು’ ಎಂದು ಒಬ್ಬರು ಹೇಳಿದರು. ಮತ್ತೆ ಟೈಪು ಮಾಡಲು ಶುರುವೂ ಆಗಿತ್ತು. ಹಳೆಯ ಯಂತ್ರದಿಂದ ಫಾಂಟು ತಂದು ಹಾಕಿದೊಡನೆ ಎಲ್ಲ ಸರಿಹೋಯಿತು. ಹಳೆಯ ಯಂತ್ರವನ್ನು ಗುಜರಿಗೆ ಕೊಟ್ಟಿರಲಿಲ್ಲ ಎಂಬುದು ನಮ್ಮ ಪುಣ್ಯ.

ಈಗ ನಾವು ಅನುಸರಿಸುತ್ತಿರುವ ಕ್ರಮ ಹೇಳುತ್ತೇವೆ. ಬದಲಾವಣೆಯ ಕೆಲಸವನ್ನು ಕೊಯ್ಲಿನ ಕಾಲದಲ್ಲಿ, ಮಾರ್ಚ್ ಕೊನೆಯಲ್ಲಿ, ಸಿಡಿಲಿನ ಏಪ್ರಿಲ್-ಮೇ ತಿಂಗಳಲ್ಲಿ ಮಾಡುವುದಿಲ್ಲ. ಆಸಾಡಿಯಲ್ಲಿ ಖರೀದಿ ಕಡಿಮೆ. ಯುಪಿಎಸ್ ಸರಿಯಿದ್ದರೆ ಅದೇ ಅನುಕೂಲ. ಮೊದಲು ಸೆಟ್ಟಿಂಗಿನ ಪ್ರತಿ ಪರದೆಯನ್ನೂ ತೆರೆದು, ಮುದ್ರಿಸಲು ಬಂದರೆ ಮುದ್ರಿಸಿ, ಬಾರದಿದ್ದರೆ ಮೊಬೈಲಿನಲ್ಲಿ ಫೋಟೋ ತೆಗೆದು, ಮುಖ್ಯವಾದ ಅಂಕೆಗಳನ್ನು ಕೈಯಿಂದ ಒಂದು ರಿಜಿಸ್ಟರಿನಲ್ಲಿ ಬರೆಯುತ್ತೇವೆ. ಎದುರಿಗೆ ಠರಾವಿನ ಸಂಖ್ಯೆ ಮತ್ತು ತಾರೀಕು. ಕಾಗದವೇಕೆ ಎಂದು ನಮ್ಮ ಕಿರಿಯ ಗುಮಾಸ್ತರು ಕೇಳಿದರು. ಹೊಸ ಆವೃತ್ತಿ ಹಳೆಯ ಸೆಟ್ಟಿಂಗಿನ ಕಡತವನ್ನು ಓದದಿದ್ದರೂ ಮನುಷ್ಯನ ಕಣ್ಣು ಕಾಗದವನ್ನು ಓದುತ್ತದೆ, ಅದಕ್ಕೆ. ಗುಪ್ತಪದಗಳನ್ನು ಮಾತ್ರ ಈ ರಿಜಿಸ್ಟರಿನಲ್ಲಿ ಬರೆಯದೆ, ಲಕೋಟೆಯಲ್ಲಿಟ್ಟು ಅರಗಿನ ಮೊಹರು ಹಾಕಿ ಅಧ್ಯಕ್ಷರ ಸಹಿಯೊಂದಿಗೆ ತಿಜೋರಿಯಲ್ಲಿ ಇಡುತ್ತೇವೆ.

ಅನಂತರ ಲೆಕ್ಕ, ಸೆಟ್ಟಿಂಗಿನ ಕಡತ, ಫಾಂಟು, ಮುದ್ರಣಯಂತ್ರ ಮತ್ತು ತಕ್ಕಡಿಯ ಚಾಲಕ ತಂತ್ರಾಂಶ ಇಷ್ಟನ್ನೂ ಎರಡು ಬೇರೆ ಬೇರೆ ಸಾಧನಗಳಿಗೆ ನಕಲು ಮಾಡುತ್ತೇವೆ. ಒಂದು ಕುಂದಾಪುರದ ಕಚೇರಿಯಲ್ಲಿ, ಇನ್ನೊಂದು ಬೈಂದೂರಿನಲ್ಲಿ. ಒಂದೇ ಕಟ್ಟಡದಲ್ಲಿಟ್ಟರೆ ಒಂದೇ ಸಿಡಿಲಿಗೆ ಎರಡೂ ಹೋದಾವು. ನಮ್ಮದು ಕಡಲ ಹವೆ; ಲೋಹಕ್ಕೆ ತುಕ್ಕು, ಉಳಿದುದಕ್ಕೆ ಬೂಸ್ಟು. ಹಪ್ಪಳದ ಡಬ್ಬಿಯಂತೆ ಗಾಳಿಯಾಡದ ಡಬ್ಬಿಯಲ್ಲಿ ಸಿಲಿಕಾ ಜೆಲ್ ಪೊಟ್ಟಣದೊಡನೆ ಇಡುವುದು ಒಳ್ಳೆಯದು. ಪೆನ್‌ಡ್ರೈವನ್ನು ವರ್ಷಗಟ್ಟಲೆ ಮುಟ್ಟದೆ ಇಟ್ಟರೆ ಅದರೊಳಗಿನದು ಅಳಿಯಲೂಬಹುದು. ವರ್ಷಕ್ಕೊಮ್ಮೆ ಹೊಸದಾಗಿ ನಕಲು ಮಾಡಬೇಕು. ನಕಲಿನ ಸಾಧನವನ್ನು ಕಂಪ್ಯೂಟರಿಗೆ ಸದಾ ಸಿಕ್ಕಿಸಿ ಬಿಡಬಾರದು. 2017ರ ಮೇ 12ರಂದು ವಾನ್ನಕ್ರೈ ಎಂಬ ವೈರಸ್ಸು ಜಗತ್ತಿನ ಬಹಳಷ್ಟು ದೇಶಗಳಲ್ಲಿ ಕಡತಗಳಿಗೆ ಬೀಗ ಹಾಕಿ ಹಣ ಕೇಳಿತು. ಇಂಥ ವೈರಸ್ಸಿಗೆ ಸಿಕ್ಕಿಸಿಟ್ಟ ನಕಲೂ ಸಿಕ್ಕಿಬೀಳುತ್ತದೆ.

ಇಷ್ಟಾದ ಮೇಲೆ ನಿಜವಾದ ಪರೀಕ್ಷೆ. ಇದು ನಮ್ಮ ಸ್ವಂತ ಉಪಾಯ, ಆ ಅಮ್ಮನ ನೋಟುಬುಕ್ಕಿನಿಂದ ಬಂದುದು. ಹಳೆಯ ಯಂತ್ರದಲ್ಲಿ ಮಾಡಿದ ಹತ್ತು ಚೀಟಿಗಳನ್ನು ಆರಿಸಿಕೊಳ್ಳುತ್ತೇವೆ: ಬೇರೆ ಬೇರೆ ದರ್ಜೆಯ ಅಡಿಕೆ, ಒಂದು ಕಾಫಿ, ಒಂದು ಗೊಬ್ಬರದ ಬಿಲ್ಲು, ಒಂದು ಬಡ್ಡಿಯ ಲೆಕ್ಕ. ಅದೇ ವಿವರಗಳನ್ನು ಹೊಸ ಯಂತ್ರಕ್ಕೆ ಕೊಟ್ಟು ಚೀಟಿ ತೆಗೆಯುತ್ತೇವೆ. ಎರಡನ್ನೂ ಪಕ್ಕಪಕ್ಕದಲ್ಲಿಟ್ಟರೆ ಕೊನೆಯ ಪೈಸೆಯವರೆಗೆ ಒಂದೇ ಆಗಿರಬೇಕು. ಬಾಕಿಗಳನ್ನು ತಾಳೆ ನೋಡಿದರೆ ಲೆಕ್ಕ ಬಂದಿದೆಯೆಂದು ತಿಳಿಯುತ್ತದೆ. ಹೊಸ ಚೀಟಿ ಮಾಡಿ ನೋಡಿದರೆ ಮಾತ್ರ ಕಟ್ಟಳೆ ಬಂದಿದೆಯೆಂದು ತಿಳಿಯುತ್ತದೆ. ಆ ಭಾನುವಾರ ನಾವು ಒಂದೇ ಒಂದು ಚೀಟಿಯನ್ನು ಹೀಗೆ ನೋಡಿದ್ದರೆ ಸಾಕಿತ್ತು.

ಆದರೆ ಹಳೆಯ ಸೆಟ್ಟಿಂಗೆಲ್ಲ ಸರಿ ಎಂದು ಕಣ್ಣು ಮುಚ್ಚಿ ತುಂಬುವುದೂ ತಪ್ಪು. ನಮ್ಮ ಜಿಲ್ಲೆಯವರಿಗೆ ಇದನ್ನು ಹೆಚ್ಚು ವಿವರಿಸಬೇಕಾಗಿಲ್ಲ. 1925ರಲ್ಲಿ ಉಡುಪಿಯಲ್ಲಿ ಹುಟ್ಟಿದ ಸಿಂಡಿಕೇಟ್ ಬ್ಯಾಂಕು 2020ರ ಏಪ್ರಿಲ್ 1ರಂದು ಕೆನರಾ ಬ್ಯಾಂಕಿನಲ್ಲಿ ವಿಲೀನವಾಯಿತು. 1906ರಲ್ಲಿ ಉಡುಪಿಯಲ್ಲೇ ಹುಟ್ಟಿದ ಕಾರ್ಪೊರೇಶನ್ ಬ್ಯಾಂಕು ಅದೇ ದಿನ ಯೂನಿಯನ್ ಬ್ಯಾಂಕಿಗೆ ಸೇರಿತು. ವಿಜಯಾ ಬ್ಯಾಂಕು ಒಂದು ವರ್ಷ ಮೊದಲೇ ಬ್ಯಾಂಕ್ ಆಫ್ ಬರೋಡಾಕ್ಕೆ ಹೋಗಿತ್ತು. ಹಣ ಕಳಿಸಲು ಬೇಕಾದ ಐಎಫ್‌ಎಸ್‌ಸಿ ಸಂಕೇತಕ್ಕೆ 11 ಅಕ್ಷರ. ಮೊದಲ ನಾಲ್ಕು ಬ್ಯಾಂಕಿನದು, ಐದನೆಯದು ಸೊನ್ನೆ, ಉಳಿದ ಆರು ಶಾಖೆಯದು. ಸಿಂಡಿಕೇಟಿನ ಎಸ್‌ವೈಎನ್‌ಬಿ ಎಂದು ಶುರುವಾಗುವ ಸಂಕೇತಗಳು 2021ರ ಜುಲೈ 1ರಿಂದ ನಡೆಯದಾದವು. ಅದಕ್ಕಿಂತ ಹಿಂದಿನ ಪಟ್ಟಿಯನ್ನು ಹೊಸ ಯಂತ್ರಕ್ಕೆ ತುಂಬಿದರೆ ಅಡಿಕೆಯ ಹಣ ಸದಸ್ಯರ ಖಾತೆಗೆ ಹೋಗದೆ ತಿರುಗಿ ಬರುತ್ತದೆ. ತಾಲೂಕಿನ ಪಟ್ಟಿಯೂ ಹಾಗೆಯೇ. ಬೈಂದೂರು ಕುಂದಾಪುರದಿಂದಲೂ ಬ್ರಹ್ಮಾವರ ಉಡುಪಿಯಿಂದಲೂ ಬೇರೆಯಾಗಿ 2018ರಲ್ಲಿ ತಾಲೂಕುಗಳಾದವು. ಹಳೆಯ ಪಟ್ಟಿ ತುಂಬಿದರೆ ಪಹಣಿಯ ವಿವರ ತಾಳೆಯಾಗುವುದಿಲ್ಲ. ಹನಿ ನೀರಾವರಿ ಮತ್ತು ತುಂತುರು ನೀರಾವರಿ ಸಾಮಗ್ರಿಗಳ ಜಿಎಸ್‌ಟಿ 2025ರ ಸೆಪ್ಟೆಂಬರ್ 22ರಿಂದ ಶೇಕಡಾ 12ರಿಂದ 5ಕ್ಕೆ ಇಳಿದಿದೆ; ಅದಕ್ಕೂ ಮೊದಲಿನ ನಕಲು ನಮ್ಮ ಮಳಿಗೆಯ ಯಂತ್ರಕ್ಕೆ ಬಂದರೆ ನೀವು ಶೇಕಡಾ 7 ಹೆಚ್ಚು ಕೊಡಬೇಕಾದೀತು. ಆದುದರಿಂದ ಪ್ರತಿ ನಕಲಿನ ಮೇಲೂ ತಾರೀಕು ಇರಬೇಕು, ಆ ತಾರೀಕಿನ ನಂತರ ಬದಲಾದುದನ್ನು ರಿಜಿಸ್ಟರಿನಲ್ಲಿ ಕೆಂಪು ಶಾಯಿಯಿಂದ ಬರೆದಿಡಬೇಕು.

ಇನ್ನು ಮನೆಯ ಮಾತು. ನಮ್ಮ ಸದಸ್ಯರ ಪೈಕಿ ಹೊಳೆಯ ಬದಿಗೆ ಪಂಪು ಇಟ್ಟು, ಮನೆಯಿಂದಲೇ ಮೊಬೈಲಿನಲ್ಲಿ ಮೋಟರು ಶುರುಮಾಡುವವರು ಈಗ ಬಹಳ ಮಂದಿ. ಆ ಸ್ಟಾರ್ಟರ್ ಪೆಟ್ಟಿಗೆಯೂ ಒಂದು ಸಣ್ಣ ಗಣಕಯಂತ್ರವೇ. ಯಾವ ನಂಬರಿನಿಂದ ಕರೆ ಬಂದರೆ ಮೋಟರು ತಿರುಗಬೇಕು, ಎಷ್ಟು ಆಂಪಿಯರಿಗಿಂತ ಹೆಚ್ಚಾದರೆ ನಿಲ್ಲಬೇಕು, ನೀರಿಲ್ಲದೆ ಎಷ್ಟಕ್ಕಿಂತ ಕಡಿಮೆಯಾದರೆ ನಿಲ್ಲಬೇಕು, ಕರೆಂಟು ಬಂದ ಮೇಲೆ ಎಷ್ಟು ಸೆಕೆಂಡು ಕಾಯಬೇಕು ಎಂಬುದೆಲ್ಲ ಅದರೊಳಗೆ ಇರುತ್ತದೆ. ಬೋರ್ಡು ಸುಟ್ಟು ಹೊಸದು ಹಾಕಿದಾಗ ಇವು ಹೋಗುತ್ತವೆ. ಮೋಟರು ತಿರುಗುತ್ತದೆ, ನೀರೂ ಬರುತ್ತದೆ. ಹೊಳೆ ಬತ್ತಿದ ದಿನ ನಿಲ್ಲಬೇಕಾದ ಮೋಟರು ನಿಲ್ಲದೆ ಸುಡುತ್ತದೆ. ಈಗ ಸರಿಯಾಗಿ ನಡೆಯುತ್ತಿರುವಾಗಲೇ ಮೆಕ್ಯಾನಿಕ್ಕಿನಿಂದ ಆ ಅಂಕೆಗಳನ್ನು ಕೇಳಿ, ಪೆಟ್ಟಿಗೆಯ ಬಾಗಿಲಿನ ಒಳಬದಿಗೆ ಬಣ್ಣದಲ್ಲಿ ಬರೆಸಿಡಿ. ಕಾಗದ ಅಂಟಿಸಿದರೆ ಮಳೆಗಾಲಕ್ಕೆ ಗೆದ್ದಲು ತಿನ್ನುತ್ತದೆ. ಹನಿ ನೀರಾವರಿಯ ಟೈಮರಿಗೂ ಇದೇ ಮಾತು: ಯಾವ ವಾಲ್ವಿಗೆ ಎಷ್ಟು ನಿಮಿಷ ಎಂಬುದು ಒಂದು ಗೆರೆಯ ಬರವಣಿಗೆ.

ಬ್ರಹ್ಮಾವರದ ನಮ್ಮ ಕೇಂದ್ರದ ಯಂತ್ರವನ್ನು ಬರುವ ಆಸಾಡಿಯಲ್ಲಿ ಬದಲಿಸುವುದೆಂದು ಮಂಡಳಿ ತೀರ್ಮಾನಿಸಿದೆ. ಬದಲಿಸಿದ ಮೊದಲ ವಾರ ಪ್ರತಿ ಮೂಟೆಯ ಚೀಟಿಯನ್ನು ಯಂತ್ರದಲ್ಲೂ ಕೈಯಲ್ಲೂ ಎರಡು ಸಲ ಬರೆಯುವುದರಿಂದ ಸ್ವಲ್ಪ ತಡವಾಗುವುದು, ಸದಸ್ಯರು ಸಹಕರಿಸಬೇಕು. ಗೋಣಿಯ ತೂಕ, ದರ್ಜೆಯ ಸಂಕೇತ ಮತ್ತು ಪೈಸೆ ಏರಿಳಿಸುವ ಕ್ರಮವನ್ನು ಬರೆದ ಹಲಗೆ ತಕ್ಕಡಿಯ ಪಕ್ಕದಲ್ಲೇ ತೂಗುಹಾಕಿರುತ್ತದೆ. ಮನೆಯಲ್ಲಿ ತೂಗಿದ ತೂಕವನ್ನು ಬರೆದುಕೊಂಡು ಬಂದು ಅಲ್ಲಿಯೇ ತಾಳೆ ನೋಡಬಹುದು. ಬೈಂದೂರಿನ ಆ ಅಮ್ಮನೂ ಮೊದಲ ದಿನ ಬರುವುದಾಗಿ ಹೇಳಿದ್ದಾರೆ, ನೋಟುಬುಕ್ಕಿನೊಂದಿಗೆ.